ಹಳೆಯ ಬೇಟೆ ರೈಫಲ್: ಮುಟ್ಟದ್ದನ್ನು ಕೊಳ್ಳಬೇಕಾ, ಮಾರ್ಪಡಿಸಿದ್ದನ್ನಾ?

ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ವರ್ಷದ ಎರಡು ರೈಫಲ್‌ಗಳು ಪಕ್ಕಪಕ್ಕದಲ್ಲಿವೆ ಅಂದುಕೊಳ್ಳಿ. ಒಂದರ ಬಣ್ಣ ಅಲ್ಲಲ್ಲಿ ಮಾಸಿದೆ. ಮರದ ಮೇಲೆ ಗೀರುಗಳಿವೆ. ತೋಟಾ ತುಂಬಲು ಹಿಂದೆಮುಂದೆ ಎಳೆಯುವ ಬೋಲ್ಟಿನ ಹಿಡಿ ಕೈಯಾಡಿ ಆಡಿ ಬೆಳ್ಳಗಾಗಿದೆ. ಇನ್ನೊಂದು ಪಳಪಳ ಹೊಳೆಯುತ್ತಿದೆ. ಹೊಸ ವಾರ್ನಿಷ್, ಹಿಂದೆ ದಪ್ಪ ರಬ್ಬರ್ ಪ್ಯಾಡ್, ಮೇಲೆ ಗುರಿ ನೋಡುವ ಒಳ್ಳೆಯ ದುರ್ಬೀನು, ಅಂದರೆ ಸ್ಕೋಪ್. ಹೊಸಬರು ನೇರವಾಗಿ ಎರಡನೆಯದಕ್ಕೆ ಕೈ ಹಾಕುತ್ತಾರೆ. ಪಳಗಿದ ಸಂಗ್ರಹಕಾರ ಮೊದಲನೆಯದನ್ನು ಎತ್ತಿಕೊಂಡು, ಜಾಸ್ತಿ ದುಡ್ಡು ಕೊಟ್ಟು, ಸುಮ್ನೆ ಹೊರಟುಹೋಗುತ್ತಾನೆ.

ಹಾಗಂತ ಬದಲಾಯಿಸಿದ ರೈಫಲ್ ಎಲ್ಲವೂ ಕೆಟ್ಟದ್ದು ಅಂತಲ್ಲ. ಕೆಲವು ಮಾರ್ಪಾಡುಗಳಿಂದ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಕೆಲವಕ್ಕೆ ಕೂದಲಷ್ಟೂ ವ್ಯತ್ಯಾಸವಾಗುವುದಿಲ್ಲ, ಅಪರೂಪಕ್ಕೆ ಕೆಲವು ಬೆಲೆಯನ್ನು ಏರಿಸಿಯೂ ಬಿಡುತ್ತವೆ. ನಾನು ಯಾವಾಗಲೂ ಮೂರು ವಿಷಯ ನೋಡುತ್ತೇನೆ. ಮಾಡಿದ್ದನ್ನು ಬಿಚ್ಚಿ ಮೊದಲಿನ ಹಾಗೆ ಮಾಡಲು ಆಗುತ್ತದಾ? ಮಾಡಿದ ಕೈ ಯಾರದು? ಆ ರೈಫಲ್ ಎಷ್ಟು ಅಪರೂಪದ್ದು? ಈ ಮೂರಕ್ಕೆ ಉತ್ತರ ಸಿಕ್ಕರೆ ಬೆಲೆ ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ.

ಅದಕ್ಕೂ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ರೈಫಲ್ ಬೇಕಾಗಿರುವುದು ಗುಂಡು ಹಾರಿಸುವುದಕ್ಕಾ, ಇಟ್ಟುಕೊಳ್ಳುವುದಕ್ಕಾ? ಒಂದೇ ರೈಫಲ್‌ಗೆ ಎರಡು ಬೆಲೆ ಇರುವುದು ಇದರಿಂದಲೇ. ಹಾರಿಸುವವರಿಗೆ ನಳಿಗೆಯ ಒಳಭಾಗ ಚೆನ್ನಾಗಿರಬೇಕು, ಗುರಿ ಸರಿಯಾಗಿ ಬೀಳಬೇಕು, ಹೆಗಲಿಗೆ ಒದೆ ಕಮ್ಮಿ ಇರಬೇಕು. ಸಂಗ್ರಹಕಾರರಿಗೆ ಅದು ಕಾರ್ಖಾನೆಯ ಬಾಗಿಲು ದಾಟಿದಾಗ ಹೇಗಿತ್ತೋ ಹಾಗೇ ಇರಬೇಕು. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿದ್ದರೂ ಇಬ್ಬರು ಕೊಳ್ಳುವುದೂ ಬೇರೆಬೇರೆ.

ಕಬ್ಬಿಣಕ್ಕೆ ಬಿದ್ದ ತೂತು

ಬೆಲೆಗೆ ಅತಿ ಹೆಚ್ಚು ಪೆಟ್ಟು ಕೊಡುವುದು ರಿಸೀವರ್ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಉಕ್ಕಿನ ಭಾಗ) ಮೇಲೆ ಆಮೇಲೆ ಕೊರೆದ ತೂತು. ನೋಡಲು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಆದರೆ ಮತ್ತೆ ಮುಚ್ಚಲು ಬಾರದು. ವೆಲ್ಡ್ ಮಾಡಿ ಮುಚ್ಚಿದರೂ ಬಣ್ಣ ಹಾಕಿದಾಗ ಆ ಜಾಗ ಬೇರೆ ಛಾಯೆಯಲ್ಲಿ ಎದ್ದು ಕಾಣುತ್ತದೆ.

ಇದಕ್ಕೆ ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ಒಳ್ಳೆಯ ಉದಾಹರಣೆ. ಇದು ಶುರುವಾಗಿದ್ದು 1936ರಲ್ಲಿ. 1964ರಲ್ಲಿ ಖರ್ಚು ತಗ್ಗಿಸಲು ಕಂಪನಿ ವಿನ್ಯಾಸ ಬದಲಾಯಿಸಿತು. ತೋಟಾವನ್ನು ಬುಡದಲ್ಲೇ ಕಚ್ಚಿ ಹಿಡಿಯುವ ಮೌಸರ್ ಮಾದರಿಯ ದೊಡ್ಡ ಕೊಕ್ಕೆ ಹೋಯಿತು. ಸ್ಟಾಕಿನ, ಅಂದರೆ ರೈಫಲ್‌ನ ಮರದ ಭಾಗದ, ಮೇಲೆ ಕೈಯಲ್ಲಿ ಕೊರೆಯುತ್ತಿದ್ದ ಚೌಕಳಿ ಗೀರುಗಳ ಬದಲು ಅಚ್ಚೊತ್ತಿದ ವಿನ್ಯಾಸ ಬಂತು. ಹಾಗಾಗಿ 1964ಕ್ಕಿಂತ ಮುಂಚಿನವುಗಳಿಗೆ ಇವತ್ತಿಗೂ ಬೇಡಿಕೆ. ಅದರಲ್ಲೂ ಎರಡನೇ ಮಹಾಯುದ್ಧಕ್ಕೆ ಮುಂಚಿನವುಗಳಲ್ಲಿ ರಿಸೀವರ್‌ನ ಹಿಂಬದಿಯ ಸೇತುವೆಯ ಮೇಲೆ ಸ್ಕೋಪಿನ ತೂತುಗಳನ್ನು ಕಾರ್ಖಾನೆಯೇ ಕೊರೆಯುತ್ತಿರಲಿಲ್ಲ. ಆ ಕಾಲದಲ್ಲಿ ಸ್ಕೋಪ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಯುದ್ಧ ಮುಗಿದ ಮೇಲೆ ಕಾರ್ಖಾನೆಯೇ ಕೊರೆದು ಕೊಡತೊಡಗಿತು. ಅಂದರೆ 1950ರ ದಶಕದ ಮಾಡೆಲ್ 70ರಲ್ಲಿ ಆ ತೂತು ಇರಲೇಬೇಕು. 1938ರದ್ದರಲ್ಲಿ ಇದ್ದರೆ ಯಾರೋ ಆಮೇಲೆ ಕೊರೆದದ್ದು. ತೂತು ಒಂದೇ, ಜಾಗ ಒಂದೇ, ವರ್ಷ ಬದಲಾದರೆ ಅರ್ಥವೇ ಬದಲಾಗುತ್ತದೆ.

ಕೈಯಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡು ತೂತಿನ ಅಂಚನ್ನು ನೋಡಿ. ಕಾರ್ಖಾನೆಯ ತೂತಿನ ಅಂಚು ಚೂಪಾಗಿರುತ್ತದೆ, ಒಳಗಿನ ತಿರುಪಿನ ಸುತ್ತುಗಳ ಬಣ್ಣ ಹೊರಗಿನದಕ್ಕೆ ಹೊಂದುತ್ತದೆ, ಸಾಲು ನಳಿಗೆಯ ನೇರಕ್ಕೆ ಕೂತಿರುತ್ತದೆ. ಆಮೇಲೆ ಕೊರೆದದ್ದರ ಒಳಗೆ ಬಿಳಿ ಲೋಹ ಹೊಳೆಯುತ್ತದೆ, ಅಥವಾ ಸಾಲು ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಇನ್ನು ತೂತಿನ ಸುತ್ತ ಲೋಹ ತಟ್ಟೆಯ ಹಾಗೆ ಸ್ವಲ್ಪ ಒಳಕ್ಕೆ ಕುಸಿದಿದ್ದರೆ, ಅದು ಬೇರೆಯದೇ ಕಥೆ: ತೂತು ಇದ್ದ ಮೇಲೆ ಯಾರೋ ಪಾಲಿಶ್ ಚಕ್ರಕ್ಕೆ ಹಿಡಿದು ಹೊಸದಾಗಿ ಬಣ್ಣ ಹಾಕಿಸಿದ್ದಾರೆ.

ಟ್ರಿಗರ್ ಬಳಿಯ ಸನ್ನೆಹಿಡಿಯನ್ನು ಕೆಳಕ್ಕೆ ಎಳೆದು ತೋಟಾ ತುಂಬುವ ಲಿವರ್ ರೈಫಲ್‌ಗಳ ಕಷ್ಟ ಬೇರೆ. 1894ರ ವಿಂಚೆಸ್ಟರ್ ಖಾಲಿ ತೋಟಾವನ್ನು ನೇರ ಮೇಲಕ್ಕೆ ಎಸೆಯುತ್ತದೆ. ನಡು ಮೇಲೆ ಸ್ಕೋಪ್ ಕೂರಿಸಲು ಜಾಗವಿಲ್ಲ. ಆದರೂ ಬೇಕೇ ಬೇಕು ಅಂದವರು ರಿಸೀವರ್‌ನ ಪಕ್ಕದಲ್ಲಿ ತೂತು ಕೊರೆಸಿ ಓರೆಯಾಗಿ ಕೂರಿಸಿಕೊಂಡರು. ಆ ಚಪ್ಪಟೆ ಪಕ್ಕವೇ ಈ ರೈಫಲ್‌ನ ಅಂದ. ಅಲ್ಲಿ ಮೂರ್ನಾಲ್ಕು ತೂತು ಬಿದ್ದರೆ ಸಂಗ್ರಹಕಾರರು ತಿರುಗಿಯೂ ನೋಡುವುದಿಲ್ಲ. ಮೇಲಕ್ಕೆ ಎಸೆಯುವ ತೊಂದರೆಯನ್ನು ಕಂಪನಿಯೇ ಸರಿಮಾಡಿದ್ದು 1980ರ ದಶಕದಲ್ಲಿ, ತೋಟಾ ಓರೆಯಾಗಿ ಹೊರಬೀಳುವ ಹಾಗೆ ಮಾಡಿ. ಇನ್ನೊಂದು ಲಿವರ್ ರೈಫಲ್ ಸ್ಯಾವೇಜ್ 99 ಪಕ್ಕಕ್ಕೇ ಎಸೆಯುತ್ತಿತ್ತು, ಆದ್ದರಿಂದ ಅದರ ಮೇಲೆ ಸ್ಕೋಪ್ ಕೂರಿಸುವುದು ಸುಲಭ. ಹಾಗಾಗಿಯೇ ತೂತಿಲ್ಲದ ಹಳೆಯ 99 ಸಿಗುವುದು ಕಷ್ಟ.

ಒಂದು ವಿನಾಯಿತಿಯನ್ನು ಹೇಳಲೇಬೇಕು. ಹಳೆಯ ಕಾಲದ ಲೈಮನ್ 48 ಅಂಥ ಪೀಪ್ ಸೈಟನ್ನು (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಆಗಲೇ, ಅಚ್ಚುಕಟ್ಟಾಗಿ ಹಾಕಿಸಿದ್ದರೆ ಜನ ಅಷ್ಟಾಗಿ ಮುಖ ತಿರುಗಿಸುವುದಿಲ್ಲ. ಹಾರಿಸುವವರಂತೂ ಅದನ್ನೇ ಹುಡುಕುತ್ತಾರೆ. ಆದರೆ ಅದನ್ನು ಕೂರಿಸಲು ಸ್ಟಾಕಿನ ಅಂಚಿನಲ್ಲಿ ಒಂದು ಕಚ್ಚು ಕೊರೆಯಬೇಕಿತ್ತು. ಸೈಟ್ ಕಳೆದುಹೋಗಿ ಬರೀ ಕಚ್ಚು ಉಳಿದಿದ್ದರೆ ಅದು ಬರೀ ಗಾಯ.

ಮರದ ಕಥೆ

ಮರದ ತಪ್ಪು ಕಬ್ಬಿಣದ ತಪ್ಪಿಗಿಂತ ಸ್ವಲ್ಪ ವಾಸಿ. ಸ್ಟಾಕ್ ಬದಲಾಯಿಸಬಹುದು. ಅದೇ ಕಾಲದ ಮೂಲ ಸ್ಟಾಕ್‌ಗಳು ಬಿಡಿಯಾಗಿ ಮಾರಾಟಕ್ಕೆ ಬರುತ್ತವೆ, ಬೆಲೆ ಮಾತ್ರ ಕಮ್ಮಿ ಇರುವುದಿಲ್ಲ. ಬೇರೆ ರೈಫಲ್‌ನ ಸ್ಟಾಕ್ ತಂದು ಹಾಕಿದರೆ ಲೋಹ ಮತ್ತು ಮರ ಸೇರುವಲ್ಲಿ ಸಂದು ಕಾಣುತ್ತದೆ. ಬಲ್ಲವರು ಮೊದಲು ನೋಡುವುದೇ ಆ ಸಂದನ್ನು.

ಅತಿ ಸಾಮಾನ್ಯ ಮಾರ್ಪಾಡು ಅಂದರೆ ರಬ್ಬರ್ ಪ್ಯಾಡ್. .30-06 ತೋಟಾದ ರೈಫಲ್ ಹೆಗಲಿಗೆ ಒದೆಯುತ್ತದೆ, ಜನ ಪ್ಯಾಡ್ ಹಾಕಿಸಿದರು. ತಪ್ಪೇನಿಲ್ಲ. ಆದರೆ ಹೆಚ್ಚಿನವರು ಉದ್ದ ಸರಿಹೊಂದಿಸಲು ಮರವನ್ನು ಒಂದಿಂಚು ಕತ್ತರಿಸಿ ಪ್ಯಾಡ್ ಕೂರಿಸಿದರು. ಇದನ್ನು ಕಂಡುಹಿಡಿಯಲು ಒಂದು ಅಳತೆ ಟೇಪ್ ಸಾಕು. ಟ್ರಿಗರ್‌ನಿಂದ ಸ್ಟಾಕಿನ ತುದಿಯ ನಡುಭಾಗದವರೆಗೆ ಅಳೆಯಿರಿ. ಮಾಡೆಲ್ 70ರಲ್ಲಿ ಅದು ಸುಮಾರು ಹದಿಮೂರೂವರೆ ಇಂಚು. ಪ್ಯಾಡ್ ಸೇರಿಸಿ ಅಷ್ಟೇ ಬಂದರೆ ಮರ ಹೋಗಿದೆ ಅಂತಲೇ ಲೆಕ್ಕ. ಪ್ಯಾಡ್ ಸೇರಿಸಿ ಹದಿನಾಲ್ಕೂವರೆ ಬಂದರೆ ಮರ ಉಳಿದಿದೆ. ಮೊದಲಿನ ಲೋಹದ ತಟ್ಟೆ ಹುಡುಕಿ ಹಾಕಿದರೆ ಕೆಲಸ ಮುಗಿಯಿತು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಬೇರೆ. .375 ಎಚ್ ಅಂಡ್ ಎಚ್‌ನಂಥ ದೊಡ್ಡ ತೋಟಾದ ಮಾಡೆಲ್ 70ಕ್ಕೆ ಕಾರ್ಖಾನೆಯೇ ಪ್ಯಾಡ್ ಹಾಕಿ ಕೊಡುತ್ತಿತ್ತು ಅನ್ನುವುದನ್ನೂ ನೆನಪಿಡಿ. ಅಲ್ಲಿ ಪ್ಯಾಡ್ ಕಂಡ ತಕ್ಷಣ ಚೌಕಾಸಿಗೆ ಇಳಿದರೆ ನಗೆಪಾಟಲಾಗುತ್ತೀರಿ.

ಉಪ್ಪುಕಾಗದ ಹಾಕಿ ಉಜ್ಜಿದ ಸ್ಟಾಕ್ ಇನ್ನೊಂದು ದೊಡ್ಡ ತೊಂದರೆ. ಅಕ್ರೋಟು ಮರ ಕಾರ್ಖಾನೆಯಲ್ಲಿ ಲೋಹಕ್ಕಿಂತ ಚೂರು ಎತ್ತರವಾಗಿರುತ್ತಿತ್ತು. ಬೆರಳು ಸವರಿದರೆ ಮರದಿಂದ ಲೋಹಕ್ಕೆ ಇಳಿಯುವ ಮೆಟ್ಟಿಲು ಗೊತ್ತಾಗುತ್ತದೆ. ಉಜ್ಜಿದ ಸ್ಟಾಕಿನಲ್ಲಿ ಆ ಮೆಟ್ಟಿಲು ಉಲ್ಟಾ ಆಗಿರುತ್ತದೆ, ಲೋಹವೇ ಎತ್ತರ. ಚೌಕಳಿ ಗೀರುಗಳ ಮೊನೆ ಚಪ್ಪಟೆಯಾಗಿರುತ್ತದೆ. ಮೇಲೆ ದಪ್ಪ ಹೊಳಪಿನ ವಾರ್ನಿಷ್ ಇದ್ದರಂತೂ ಮುಗಿದೇ ಹೋಯಿತು. ಅಗಸೆ ಎಣ್ಣೆ ಹಚ್ಚಿ ತೆಳುವಾಗಿ ಕೈಯಲ್ಲಿ ತಿಕ್ಕಿದ್ದರೆ ಅಷ್ಟು ಬೇಸರವಿಲ್ಲ.

ಫ್ಯಾಷನ್ ಅಂತೂ ಕೇಳಲೇಬೇಡಿ. 1950, 60ರ ದಶಕಗಳಲ್ಲಿ ಎತ್ತರದ ಕೆನ್ನೆದಿಂಬು, ಸ್ಟಾಕಿನ ತುದಿಗೆ ಬೇರೆ ಬಣ್ಣದ ಮರದ ತುಂಡು, ನಡುವೆ ಬಿಳಿ ಪ್ಲಾಸ್ಟಿಕ್ ಗೆರೆ, ಇವೆಲ್ಲ ಭಾರಿ ಜೋರು. ಎಷ್ಟೋ ಜನ ಮೂಲ ಸ್ಟಾಕ್ ಎಸೆದು ಬಿಷಪ್, ಫೇಜನ್ ಕಂಪನಿಗಳ ಅರೆಸಿದ್ಧ ಸ್ಟಾಕ್ ತಂದು ಮನೆಯಲ್ಲೇ ಕೂರಿಸಿದರು. ಅವತ್ತು ಅದು ಉನ್ನತಿ, ಇವತ್ತು ಅದೇ ಬೆಲೆ ಇಳಿಸುವ ಕಾರಣ. ಇವತ್ತಿನ ಫ್ಯಾಷನ್‌ಗೆ ನಾಳೆ ಏನಾಗುತ್ತದೋ, ಅಲ್ವಾ?

ಹೊಸ ಬಣ್ಣ: ಮೋಸ ಹೋಗುವ ಜಾಗ

ಉಕ್ಕಿಗೆ ಕಪ್ಪುನೀಲಿ ಬಣ್ಣ ಕೊಡುವುದಕ್ಕೆ ಬ್ಲೂಯಿಂಗ್ ಅನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ತಂತಿ ಬ್ರಷ್‌ನಿಂದ ತಿಕ್ಕಿ, ಮತ್ತೆ ಮತ್ತೆ ಅದನ್ನೇ ಮಾಡುತ್ತಾರೆ. ನಿಧಾನದ ಕೆಲಸ. ಆಮೇಲೆ ಬಂದದ್ದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಬಿಸಿ ದ್ರಾವಣದಲ್ಲಿ ಅದ್ದುವ ಪದ್ಧತಿ. ಬೇಗ ಆಗುತ್ತದೆ, ಅಗ್ಗ.

ಬಣ್ಣ ಹೊಸದು ಅನ್ನುವುದಲ್ಲ ತೊಂದರೆ. ಬಣ್ಣ ಹಾಕುವ ಮುಂಚೆ ಹಳೆಯದನ್ನು ತೆಗೆಯಬೇಕು, ತುಕ್ಕಿನ ಗುಳಿಗಳನ್ನು ಸಮ ಮಾಡಬೇಕು. ಅಲ್ಲಿ ಲೋಹವೇ ಸವೆದು ಹೋಗುತ್ತದೆ. ಚೂಪು ಅಂಚುಗಳು ದುಂಡಗಾಗುತ್ತವೆ. ನಳಿಗೆಯ ಮೇಲೆ ಒತ್ತಿದ ಕಂಪನಿಯ ಹೆಸರು, ತೋಟಾದ ಅಳತೆ ಮಂಕಾಗುತ್ತವೆ. ಕಿಟಕಿಯ ಬೆಳಕು ಬೀಳುವ ಹಾಗೆ ರಿಸೀವರ್‌ನ ಚಪ್ಪಟೆ ಪಕ್ಕವನ್ನು ಓರೆಯಾಗಿ ಹಿಡಿದು ನೋಡಿ. ಕಿಟಕಿ ಸರಳಿನ ನೆರಳು ನೇರವಾಗಿ ಬಿದ್ದರೆ ಸರಿ. ಅಲೆಅಲೆಯಾಗಿ ಬಿದ್ದರೆ ಪಾಲಿಶ್ ಚಕ್ರ ಅಲ್ಲಿ ಓಡಾಡಿದೆ.

ಹಾಗಾಗಿ ನನ್ನ ಪಕ್ಷ ಯಾವಾಗಲೂ ಮಾಸಿದ ಮೂಲ ಬಣ್ಣದ ಕಡೆಗೇ. ಅರವತ್ತು ಭಾಗ ಉಳಿದ ಹಳೆಯ ಬಣ್ಣ ನೂರಕ್ಕೆ ನೂರು ಹೊಸ ಬಣ್ಣಕ್ಕಿಂತ ಮೇಲು. ಮಾರುಕಟ್ಟೆಯ ಲೆಕ್ಕವೂ ಹಾಗೇ ಇದೆ: ಮೂಲ ಬಣ್ಣ ಶೇಕಡಾ ಎಷ್ಟು ಉಳಿದಿದೆ ಅನ್ನುವುದರ ಮೇಲೆ ದರ್ಜೆ ನಿಲ್ಲುತ್ತದೆ, ಹೊಸ ಬಣ್ಣ ಆ ಲೆಕ್ಕಕ್ಕೇ ಬರುವುದಿಲ್ಲ.

ಜೋಡಿ ನಳಿಗೆಯ ರೈಫಲ್‌ಗಳಿಗೆ ಬಿಸಿ ಬಣ್ಣ ಹಾಕಿಸಿದ್ದರೆ ಅದು ಬರೀ ಬೆಲೆಯ ವಿಷಯವಲ್ಲ. ಎರಡು ನಳಿಗೆಗಳನ್ನು, ನಡುವಿನ ಪಟ್ಟಿಯನ್ನು ಮೆದು ಬೆಸುಗೆಯಿಂದ ಸೇರಿಸಿರುತ್ತಾರೆ. ಕಾಸ್ಟಿಕ್ ದ್ರಾವಣ ಆ ಬೆಸುಗೆಯನ್ನು ತಿನ್ನುತ್ತದೆ. ಸಂದಿಯಲ್ಲಿ ಸಿಕ್ಕಿಕೊಂಡ ಲವಣ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹಳೆಯ ಜೋಡಿ ನಳಿಗೆ ಕಣ್ಣು ಕೋರೈಸುವಷ್ಟು ಕಪ್ಪಾಗಿ ಹೊಳೆಯುತ್ತಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ನಳಿಗೆ, ಚೇಂಬರ್

ಜೋಡಿ ನಳಿಗೆಯ ಮಾತು ಬಂತು, ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ರೈಫಲ್‌ಗಳಲ್ಲಿ ಎಡಬಲ ಗುಂಡು ಒಂದೇ ಕಡೆ ಬೀಳುವ ಹಾಗೆ ಕುಶಲಕರ್ಮಿ ಹಾರಿಸಿ ಹಾರಿಸಿ ನೋಡಿ, ನಳಿಗೆಗಳನ್ನು ಸರಿಪಡಿಸಿ ಬೆಸೆದಿರುತ್ತಾನೆ. ಅದೂ ಒಂದು ನಿರ್ದಿಷ್ಟ ತೋಟಾಗೆ ಮಾತ್ರ. ನಳಿಗೆ ಎರಡಿಂಚು ಕತ್ತರಿಸಿದರೆ ಆ ಲೆಕ್ಕ ಮುರಿಯುತ್ತದೆ. ಮತ್ತೆ ಸರಿಪಡಿಸಬಲ್ಲ ಕೈಗಳು ಕಮ್ಮಿ, ಕೂಲಿ ಜಾಸ್ತಿ. ಕತ್ತರಿಸಿದ ಜೋಡಿ ನಳಿಗೆಯ ಬೆಲೆ ಪಾತಾಳಕ್ಕೆ ಇಳಿಯುವುದು ಇದಕ್ಕೇ.

ಒಂಟಿ ನಳಿಗೆಯಲ್ಲೂ ಕತ್ತರಿಸಿದ್ದನ್ನು ಜನ ಇಷ್ಟಪಡುವುದಿಲ್ಲ. ಮಾಡೆಲ್ 70ರ ಸಾಮಾನ್ಯ ಉದ್ದ 24 ಇಂಚು, .220 ಸ್ವಿಫ್ಟ್ ಮತ್ತು .300 ಎಚ್ ಅಂಡ್ ಎಚ್ ತೋಟಾದವುಗಳಿಗೆ 26. ಇಪ್ಪತ್ತು ಇಂಚಿನ ಗಿಡ್ಡ ನಳಿಗೆಯ ಮಾದರಿ, ಅಂದರೆ ಕಾರ್ಬೈನ್, ಸಹ ಇತ್ತು, ಅದು ಅಪರೂಪದ್ದು, ಬೆಲೆ ಹೆಚ್ಚು. ಹಾಗಾಗಿ 24 ಇಂಚಿನದನ್ನು ಕತ್ತರಿಸಿ ಕಾರ್ಬೈನ್ ಅಂತ ಮಾರುವವರೂ ಹುಟ್ಟಿಕೊಂಡರು. ಸುಳಿವು ಮುಂದಿನ ಸೈಟ್ ಹತ್ತಿರ ಇದೆ. ಆರಂಭದ ಮಾಡೆಲ್ 70 ನಳಿಗೆಗಳಲ್ಲಿ ಮುಂದಿನ ಸೈಟಿನ ದಿಬ್ಬ ನಳಿಗೆಯ ಉಕ್ಕಿನಿಂದಲೇ ಎದ್ದಿರುತ್ತದೆ, ಬೆಸೆದದ್ದಲ್ಲ. ಕತ್ತರಿಸಿದರೆ ಆ ದಿಬ್ಬವೂ ಹೋಗುತ್ತದೆ, ಬೇರೆಯದನ್ನು ತಂದು ಅಂಟಿಸಲೇಬೇಕು. ಅಮೆರಿಕದಲ್ಲಿ 16 ಇಂಚಿಗಿಂತ ಚಿಕ್ಕ ರೈಫಲ್ ನಳಿಗೆ ಕಾನೂನಿನ ಬೇರೆ ಕಟ್ಟಿಗೇ ಬರುತ್ತದೆ, ಅದೊಂದು ತಲೆನೋವು ಬೇರೆ.

ನಳಿಗೆಯನ್ನೇ ಬದಲಾಯಿಸಿದ್ದಾರಾ ಅಂತ ತಿಳಿಯುವುದು ಮಾಡೆಲ್ 70ರಲ್ಲಿ ಸುಲಭ. ಸ್ಟಾಕ್ ಬಿಚ್ಚಿದರೆ ನಳಿಗೆಯ ಅಡಿಯಲ್ಲಿ ವರ್ಷದ ಕೊನೆಯ ಎರಡಂಕಿ ಒತ್ತಿರುತ್ತದೆ. ರಿಸೀವರ್‌ನ ಸೀರಿಯಲ್ ನಂಬರ್‌ನ ವರ್ಷಕ್ಕೂ ಅದಕ್ಕೂ ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಾರ್ಖಾನೆಯ ದಾಸ್ತಾನು ಹಾಗೇ ಇರುತ್ತಿತ್ತು. ಹತ್ತು ವರ್ಷ ಅಂತರ ಇದ್ದರೆ ಕೇಳಿ. ಬೋಲ್ಟಿನ ಅಡಿಯಲ್ಲೂ ವಿದ್ಯುತ್ ಲೇಖನಿಯಿಂದ ಕೈಬರಹದಲ್ಲಿ ಗೀಚಿದ ನಂಬರ್ ಇರುತ್ತದೆ. ಅದು ರಿಸೀವರ್‌ನ ನಂಬರ್‌ಗೆ ಹೊಂದಬೇಕು.

ಕಣ್ಣಿಗೆ ಕಾಣದ ಮಾರ್ಪಾಡು ಅಂದರೆ ಚೇಂಬರ್ (ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗ) ದೊಡ್ಡದು ಮಾಡಿಸುವುದು. .300 ಎಚ್ ಅಂಡ್ ಎಚ್ ರೈಫಲ್‌ಗಳನ್ನು .300 ವೆದರ್‌ಬಿಗೆ ಮಾಡಿಸಿಕೊಂಡವರು ಬಹಳ. ತೋಟಾದ ಬುಡ ಒಂದೇ ಅಳತೆಯದ್ದು, ಚೇಂಬರನ್ನು ಸ್ವಲ್ಪ ಕೊರೆದರೆ ಸಾಕಿತ್ತು, ಶಕ್ತಿ ಜಾಸ್ತಿ ಸಿಗುತ್ತಿತ್ತು. .257 ರಾಬರ್ಟ್ಸ್ ಚೇಂಬರನ್ನು ಬಂದೂಕು ತಯಾರಕ ಆಕ್ಲೆಯ ಹಿಗ್ಗಿಸಿದ ಮಾದರಿಗೆ ಬದಲಾಯಿಸಿದವರೂ ಇದ್ದರು. ಸಂಗ್ರಹಕಾರರ ಪಾಲಿಗೆ ಇದು ನಳಿಗೆ ಹಾಳಾದ ಹಾಗೆ, ಯಾಕೆಂದರೆ ತೆಗೆದ ಲೋಹ ವಾಪಸ್ ಬರುವುದಿಲ್ಲ. ಹಾರಿಸುವವರ ಪಾಲಿಗೂ ಅಪಾಯ ಇದೆ. ನಳಿಗೆಯ ಮೇಲೆ ಒತ್ತಿದ ಅಳತೆ ಒಂದು, ಒಳಗಿನದು ಇನ್ನೊಂದು ಆಗಿದ್ದರೆ ತಪ್ಪು ತೋಟಾ ಒಳಗೆ ಹೋಗುತ್ತದೆ. ಅನುಮಾನ ಬಂದರೆ ಬಂದೂಕು ರಿಪೇರಿಯವರಿಂದ ಚೇಂಬರಿನ ಅಚ್ಚು ತೆಗೆಸಿ. ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹ ಹೊಯ್ದು, ಗಟ್ಟಿಯಾದ ಮೇಲೆ ತೆಗೆದು ಅಳೆಯುತ್ತಾರೆ. ಬ್ರಿಟನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಚೇಂಬರ್ ಬದಲಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಸರಿಯಿಲ್ಲದ್ದನ್ನು ಮಾರುವುದೇ ತಪ್ಪು.

ಸೈನ್ಯದ ರೈಫಲ್‌ನಿಂದ ಬೇಟೆ ರೈಫಲ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಮೌಸರ್ 98, ಸ್ಪ್ರಿಂಗ್‌ಫೀಲ್ಡ್ 1903, ಲೀ ಎನ್‌ಫೀಲ್ಡ್ ರೈಫಲ್‌ಗಳು ಮಣ್ಣಿನ ಬೆಲೆಗೆ ಸಿಗುತ್ತಿದ್ದವು. ಅಮೆರಿಕದಲ್ಲಿ ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು, 1968ರ ಗನ್ ಕಂಟ್ರೋಲ್ ಕಾಯ್ದೆ ಅದನ್ನು ನಿಲ್ಲಿಸುವವರೆಗೆ. ಜನ ಸೈನ್ಯದ ಸ್ಟಾಕ್ ಕತ್ತರಿಸಿದರು, ನೇರವಾಗಿದ್ದ ಬೋಲ್ಟ್ ಹಿಡಿಯನ್ನು ಕಾಯಿಸಿ ಬಗ್ಗಿಸಿದರು, ಮೂಲ ಸೈಟ್ ಕಿತ್ತು ಸ್ಕೋಪ್ ಹಾಕಿದರು. ಆಗ ಅದು ಜಾಣತನವೇ. ಈಗ ಲೆಕ್ಕ ತಿರುಗಿದೆ. ಯಾರೂ ಮುಟ್ಟದ ಸೈನ್ಯದ ರೈಫಲ್ ಕಮ್ಮಿಯಾಗಿ ಅದರ ಬೆಲೆ ಏರಿದೆ. ಮನೆಯಲ್ಲಿ ಕತ್ತರಿಸಿದ್ದರ ಬೆಲೆ ಅಲ್ಲೇ ನಿಂತಿದೆ.

ಸ್ಪ್ರಿಂಗ್‌ಫೀಲ್ಡ್ 1903 ಆಧಾರದ ಬೇಟೆ ರೈಫಲ್ ನೋಡುತ್ತಿದ್ದರೆ ಬೆಲೆಗೂ ಮೊದಲು ಸೀರಿಯಲ್ ನಂಬರ್ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 800,000ಕ್ಕಿಂತ ಕೆಳಗಿನ, ರಾಕ್ ಐಲ್ಯಾಂಡ್ ಕಾರ್ಖಾನೆಯ 285,507ಕ್ಕಿಂತ ಕೆಳಗಿನ ರಿಸೀವರ್‌ಗಳಲ್ಲಿ ಉಕ್ಕನ್ನು ಹದ ಮಾಡಿದ ರೀತಿ ಸರಿಯಿರಲಿಲ್ಲ, ಕೆಲವು ಒಡೆದು ಹೋಗಿವೆ. ಮರ ಎಷ್ಟೇ ಚೆಂದ ಇರಲಿ, ಅದು ಗೋಡೆಗೆ ಮಾತ್ರ.

ಇನ್ನು ಕೈಯ ವಿಷಯ. ಅದೇ ಸ್ಪ್ರಿಂಗ್‌ಫೀಲ್ಡ್, ಅದೇ ಮೌಸರ್, ಆದರೆ ಕೆಲಸ ಮಾಡಿದ್ದು ನ್ಯೂಯಾರ್ಕಿನ ಗ್ರಿಫಿನ್ ಅಂಡ್ ಹೋ ಅಂದರೆ ಕಥೆಯೇ ಬೇರೆ. 1923ರಲ್ಲಿ ಶುರುವಾದ ಈ ಕಂಪನಿಯ ಸೀಮೋರ್ ಗ್ರಿಫಿನ್ ಮೊದಲು ಪೀಠೋಪಕರಣ ಮಾಡುವ ಬಡಗಿ. ಮರದ ಕೆಲಸ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಇಂಥ ಕೈಯಿಂದ ಬಂದದ್ದು ಮೂಲ ಸೈನ್ಯದ ರೈಫಲ್‌ಗಿಂತ ಎಷ್ಟೋ ಪಟ್ಟು ಬೆಲೆ ಬಾಳುತ್ತದೆ. ಬೇಟೆ ಬರಹಗಾರ ಜ್ಯಾಕ್ ಓಕಾನರ್ ತನ್ನ .270 ಮಾಡೆಲ್ 70 ಫೆದರ್‌ವೇಟ್‌ಗೆ ಆಲ್ ಬೀಸನ್ ಕೈಯಲ್ಲಿ ಹೊಸ ಸ್ಟಾಕ್ ಮಾಡಿಸಿಕೊಂಡ. ಅದಕ್ಕೆ ಕಾರ್ಖಾನೆಯ ಸ್ಟಾಕ್ ವಾಪಸ್ ಹಾಕಿ ಅಂತ ಯಾರೂ ಹೇಳುವುದಿಲ್ಲ.

ಹೆಸರಿಲ್ಲದ ಕೆಲಸವನ್ನು ಹೆಸರಿದ್ದವರದು ಅಂತ ಮಾರುವವರೂ ಇದ್ದಾರೆ. ನಳಿಗೆಯ ಮೇಲೆ ತಯಾರಕರ ಹೆಸರು, ಅವರ ನಂಬರ್, ಹಳೆಯ ರಸೀದಿ, ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಸಾಮಾನ್ಯ ಬೆಲೆಯೇ ಸರಿ.

ಬೆಲೆ ಏರಿಸುವ ಮಾರ್ಪಾಡು

ಜಿಮ್ ಕಾರ್ಬೆಟ್ ಅವರ .275 ರಿಗ್ಬಿ ರೈಫಲ್ ಇದಕ್ಕೆ ಉದಾಹರಣೆ. ಚಂಪಾವತ್‌ನ ನರಭಕ್ಷಕ ಹೆಣ್ಣು ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹ್ಯೂವೆಟ್ ಕಾರ್ಬೆಟ್‌ಗೆ ಕೊಟ್ಟ ಉಡುಗೊರೆ ಇದು. ಸ್ಟಾಕಿನ ಮೇಲೆ ಅದನ್ನು ಬರೆದ ಬೆಳ್ಳಿ ಫಲಕ ಕೂರಿಸಿದ್ದಾರೆ. ಮರಕ್ಕೆ ಲೋಹ ಕೂರಿಸಿದ್ದು ಅಂತ ಲೆಕ್ಕ ಹಾಕಿದರೆ ಅದೂ ಮಾರ್ಪಾಡೇ. ಆದರೆ ಆ ಫಲಕವೇ ಈ ರೈಫಲ್‌ನ ಗುರುತು. 2015ರಲ್ಲಿ ರಿಗ್ಬಿ ಕಂಪನಿಯೇ ಇದನ್ನು ಕೊಂಡು ಇಟ್ಟುಕೊಂಡಿದೆ.

ಇದನ್ನು ಓದಿ ನಿಮ್ಮ ಸ್ಟಾಕಿನ ಮೇಲೆ ಕೆತ್ತಿದ ಯಾರದ್ದೋ ಹೆಸರಿಗೆ ಬೆಲೆ ಬರುತ್ತದೆ ಅಂದುಕೊಳ್ಳಬೇಡಿ. ಚಾಕುವಿನಲ್ಲಿ ಕೆತ್ತಿದ ಇನಿಷಿಯಲ್, ಕೊಂದ ಪ್ರಾಣಿಗಳ ಲೆಕ್ಕಕ್ಕೆ ಹಾಕಿದ ಕಚ್ಚುಗಳು, ಇವೆಲ್ಲ ಬೆಲೆ ಇಳಿಸುವಂಥವೇ. ಹೆಸರು ಯಾರದು, ಅದಕ್ಕೆ ಕಾಗದ ಇದೆಯಾ, ಇವೆರಡೇ ಪ್ರಶ್ನೆ.

ವಿಚಿತ್ರವಾಗಿ ಕಂಡದ್ದೆಲ್ಲ ಮಾರ್ಪಾಡೂ ಅಲ್ಲ. ಹಳೆಯ ವಿಂಚೆಸ್ಟರ್ ಲಿವರ್ ರೈಫಲ್‌ಗಳನ್ನು ಗಿರಾಕಿ ಕೇಳಿದ ಹಾಗೆ ಮಾಡಿ ಕೊಡುತ್ತಿದ್ದರು. ಅರ್ಧ ಎಂಟು ಮೂಲೆ ಅರ್ಧ ದುಂಡಗಿನ ನಳಿಗೆ, ಗಿಡ್ಡ ಮ್ಯಾಗಜಿನ್, ಬೇರೆ ಥರದ ಹಿಡಿ, ಎಲ್ಲ ಇತ್ತು. ಯಾರೋ ಕತ್ತರಿಸಿದ್ದಾರೆ ಅಂತ ಕಂಡದ್ದು ಕಾರ್ಖಾನೆಯ ವಿಶೇಷ ಆರ್ಡರ್ ಆಗಿರಬಹುದು. ಆಗ ಬೆಲೆ ಇಳಿಯುವ ಬದಲು ಏರುತ್ತದೆ. ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿಯಲ್ಲಿರುವ ಬಂದೂಕು ಮ್ಯೂಸಿಯಂ ಬಳಿ ವಿಂಚೆಸ್ಟರ್‌ನ ಹಳೆಯ ಲೆಕ್ಕದ ಪುಸ್ತಕಗಳಿವೆ. ಮಾಡೆಲ್ 1894ರಲ್ಲಿ 353,999ರವರೆಗಿನ ಸೀರಿಯಲ್ ನಂಬರ್‌ಗಳಿಗೆ ಅವರು ಪತ್ರ ಕೊಡುತ್ತಾರೆ. ರೈಫಲ್ ಯಾವ ರೂಪದಲ್ಲಿ ಕಾರ್ಖಾನೆಯಿಂದ ಹೊರಟಿತ್ತು ಅಂತ ಅದರಲ್ಲಿ ಇರುತ್ತದೆ. ದೊಡ್ಡ ದುಡ್ಡು ಕೊಡುವ ಮುಂಚೆ ಆ ಪತ್ರ ತರಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾವುದನ್ನು ಆರಿಸುವುದು?

ಹಾರಿಸಲು ಬೇಕು ಅಂದರೆ, ತೂತು ಬಿದ್ದ, ಪ್ಯಾಡ್ ಹಾಕಿದ, ಆದರೆ ನಳಿಗೆಯ ಒಳಭಾಗ ಕನ್ನಡಿಯ ಹಾಗಿರುವ 1964ಕ್ಕೆ ಮುಂಚಿನ ರೈಫಲ್‌ನಂಥ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ. ಬೆಲೆ ಬೀಳುವುದೆಲ್ಲ ಆಗಲೇ ಬಿದ್ದಾಗಿದೆ, ಆ ನಷ್ಟ ಬೇರೆಯವರದು. ಮಳೆಯಲ್ಲಿ ನೆನೆಸಿದರೂ ಮನಸ್ಸು ಹಿಂಡುವುದಿಲ್ಲ. ಬೇಕಾದ ಸ್ಕೋಪ್ ಹಾಕಿಕೊಳ್ಳಿ.

ಇಟ್ಟುಕೊಳ್ಳಲು ಅಂದರೆ, ಸವೆದಿದ್ದರೂ ಸರಿ, ಯಾರೂ ಮುಟ್ಟದ್ದನ್ನೇ ತೆಗೆದುಕೊಳ್ಳಿ. ಸವೆತವನ್ನು ಮಾರುಕಟ್ಟೆ ಕ್ಷಮಿಸುತ್ತದೆ, ಡ್ರಿಲ್ಲನ್ನು ಕ್ಷಮಿಸುವುದಿಲ್ಲ. ತೀರಾ ಅಪರೂಪದ ಮಾಡೆಲ್‌ಗೆ ಮಾತ್ರ ಈ ನಿಯಮ ಸ್ವಲ್ಪ ಸಡಿಲ. .30-06 ಮಾಡೆಲ್ 70 ಬೇಕಾದಷ್ಟು ಸಿಗುತ್ತವೆ, ಒಂದು ತೂತಿದ್ದರೆ ಬಿಟ್ಟು ಮುಂದಿನದು ನೋಡಬಹುದು. ಅದೇ ಮಾಡೆಲ್ .300 ಸ್ಯಾವೇಜ್ ಅನ್ನುವ ತೋಟಾದ ಅಳತೆಯಲ್ಲಿ ಸಿಗುವುದೇ ಅಪರೂಪ. ಒಂದು ತೂತಿನಿಂದ ಅದು ಕಳೆದುಕೊಳ್ಳುವ ದುಡ್ಡು ದೊಡ್ಡದು, ಆದರೆ ಕೊಳ್ಳುವವರು ಆಗಲೂ ಇರುತ್ತಾರೆ.

ನಾನು ದೂರ ಇರುವುದು ನಡುವಿನವುಗಳಿಂದ. ಒಂದೇ ಒಂದು ತಪ್ಪು ಇರುವ ರೈಫಲ್: ಎಲ್ಲ ಮೂಲ, ಸ್ಟಾಕ್ ಮಾತ್ರ ಉಜ್ಜಿದ್ದು, ಅಥವಾ ಎಲ್ಲ ಮೂಲ, ಎರಡು ತೂತು ಮಾತ್ರ. ಮಾರುವವರು ಅದಕ್ಕೆ ಮುಟ್ಟದ ರೈಫಲ್‌ಗಿಂತ ಚೂರೇ ಚೂರು ಕಮ್ಮಿ ಕೇಳುತ್ತಾರೆ. ಸಂಗ್ರಹಕ್ಕೂ ಸರಿಹೋಗುವುದಿಲ್ಲ, ಮಳೆಗೆ ಒಡ್ಡಲೂ ಮನಸ್ಸು ಬರುವುದಿಲ್ಲ. ಮುಂದೆ ಮಾರಲು ಹೋದಾಗ ಕೊಳ್ಳುವವರು ಆ ಒಂದೇ ತಪ್ಪನ್ನು ಹಿಡಿದು ಚೌಕಾಸಿ ಮಾಡುತ್ತಾರೆ.

ಪುನಃ ಹೊಸದು ಮಾಡಿಸುವ ವಿಚಾರಕ್ಕೂ ಇದೇ ಲೆಕ್ಕ ಹಾಕಿ. ಆಗಲೇ ಬಣ್ಣ ಹೋಗಿ, ತೂತು ಬಿದ್ದು, ಸ್ಟಾಕ್ ಕತ್ತರಿಸಿದ್ದರೆ ಕಳೆದುಕೊಳ್ಳುವುದು ಏನೂ ಉಳಿದಿಲ್ಲ. ಒಳ್ಳೆಯ ಕೆಲಸಗಾರನ ಕೈಯಲ್ಲಿ ಮಾಡಿಸಿಕೊಳ್ಳಿ, ಆದರೆ ಕೂಲಿ ಮಾರಾಟದಲ್ಲಿ ವಾಪಸ್ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಬರುವುದಿಲ್ಲ. ಮಾರುವಾಗ ಹೊಸದಾಗಿ ಮಾಡಿಸಿದ್ದು ಅಂತ ಹೇಳಿಯೇ ಮಾರಿ. ಮೂಲ ಬಣ್ಣ ಅರ್ಧವಾದರೂ ಉಳಿದಿದ್ದರೆ ಮಾತ್ರ ದಯವಿಟ್ಟು ಮುಟ್ಟಬೇಡಿ.

ಅಜ್ಜನಿಂದಲೋ ಮಾವನಿಂದಲೋ ಬಂದ ರೈಫಲ್ ಕೈಯಲ್ಲಿದ್ದು ಅದನ್ನೇ ಬಳಸಬೇಕು ಅಂತಿದ್ದರೆ, ಬಿಚ್ಚಿ ವಾಪಸ್ ಮಾಡಬಹುದಾದ ದಾರಿಗಳಿವೆ. ಒದೆ ಜಾಸ್ತಿ ಅನ್ನಿಸಿದರೆ ಸ್ಟಾಕಿನ ಮೇಲೆ ಕಾಲುಚೀಲದ ಹಾಗೆ ಎಳೆದು ಹಾಕುವ ಪ್ಯಾಡ್ ಸಿಗುತ್ತದೆ, ಒಂದು ಮೊಳೆಯೂ ಬೇಡ. ಸ್ಕೋಪ್ ಬೇಕಾದರೆ ಇರುವ ತೂತುಗಳಿಗೇ ಹೊಂದುವ ಮೌಂಟ್ ಹುಡುಕಿ. ಮರ ಹಾಳಾಗುತ್ತದೆ ಅನ್ನುವ ಚಿಂತೆ ಇದ್ದರೆ ಮೂಲ ಸ್ಟಾಕ್ ತೆಗೆದು ಒಣಗಿದ ಜಾಗದಲ್ಲಿಟ್ಟು ಬೇರೆ ಸ್ಟಾಕ್ ಹಾಕಿ. ಟ್ರಿಗರ್ ಬದಲಾಯಿಸಿದರೂ ಹಳೆಯದು ಎಸೆಯಬೇಡಿ. ಸೀರಿಯಲ್ ನಂಬರ್ ಇರುವ ಜಾಗಕ್ಕೆ ಮಾತ್ರ ಯಾವ ಕಾರಣಕ್ಕೂ ಅರ, ಚಕ್ರ ಏನೂ ತಾಗಬಾರದು. ಅದು ಬೆಲೆ ಹೋಗುವ ಮಾತಲ್ಲ, ಪೊಲೀಸರ ಮುಂದೆ ನಿಲ್ಲುವ ಮಾತು. ಬಿಚ್ಚಿದ ಸೈಟ್, ಟ್ರಿಗರ್, ಹಿಂದಿನ ತಟ್ಟೆ, ಮೊಳೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಮೇಲೆ ರೈಫಲ್‌ನ ನಂಬರ್ ಬರೆದು, ಏನು ಯಾವಾಗ ಬಿಚ್ಚಿದ್ದು ಅಂತ ಒಂದು ಚೀಟಿ ಒಳಗಿಡಿ. ಮಾರುವ ದಿನ ಬಂದರೆ ಆ ಡಬ್ಬಿಯನ್ನೂ ಜೊತೆಗೇ ಕೊಡಿ, ಬೇರೆಯಾಗಿ ಮಾರಬೇಡಿ.